‘ಗುಳಿಗಿ ಯಾಕ ಬಿಟ್ರಿ?’ ಅಂತ ಕೇಳೋ ನೌಕರಿ

ಗಂಡಸರ ಡಾಕ್ಟರ್ ಬಾಗಲದಾಗ ಸ್ಟೂಲ್ ಹಾಕ್ಕೊಂಡು ಕುಂತ್ರ ನಗೂನ ಹುಡಿಕ್ಕೊಂಡು ಎಲ್ಲಿಗೂ ಹೋಗೋದು ಬೇಕಾಗಿಲ್ಲ, ಅದು ತಾನಾಗೇ ಪಾವಟಿಗಿ ಹತ್ತಿ ಬರ್ತೈತಿ. ಅಲ್ಲಿ ಕುಂತಾಗ ನಗು. ಮನಿಗೆ ಬಂದು ನೆನಸಿಕೊಂಡಾಗ ಮಾತ್ರ ನಗು ಬರಾಂಗಿಲ್ಲ. ನಾ ಸಾಲಿ ಕಲತಾಕಿ ಅಲ್ಲ. ಹೇಳ್ತಾ ಹೋಗ್ತೀನಿ, ಮೊಮ್ಮಗಳು ಬರಕೋತಾಳ.

ಕಣ್ಣಿನ ದವಾಖಾನಿ

ನಾನು ರಾಯಚೂರ ಕಡಿಯಾಕಿ. ಲಗ್ನ ಆಗಿ ಹೈದರಾಬಾದಿಗೆ ಬಂದು ಸನತ್‌ನಗರದಾಗ ಸಂಸಾರ ಹೂಡಿದೆ. ಯಜಮಾನ್ರು ಕಾರಖಾನ್ಯಾಗ ದುಡಕೋತ ಇದ್ದು, ಸಕ್ಕರಿ ಬ್ಯಾನಿ ಹಚ್ಚಿಕೊಂಡು, ಹೋಗಿಬಿಟ್ರು. ಆಮ್ಯಾಲ ತಾರ್ನಾಕದ ಒಂದು ದವಾಖಾನ್ಯಾಗ ಆಯಾ ಕೆಲಸಕ್ಕ ಸೇರಿದೆ. ಕಸ ಹೊಡಿಯೋದು, ನಂಬರ ಕೂಗೋದು, ಕನ್ನಡದವ್ರು ಬಂದ್ರ ಅವರ ಮಾತು ಡಾಕ್ಟರಿಗೆ ತೆಲುಗಿನಾಗ ತಿಳಿಸೋದು. ಎಲ್ಲಾರೂ ನನ್ನ ‘ಆಯಮ್ಮ’ ಅಂತಿದ್ರು.

ಡಾಕ್ಟರ್ ನೋಡ್ತಿದ್ದದ್ದು ಗಂಡಸರ ತ್ರಾಸು. ಹೆಂಡ್ತಿ ಹತ್ರ ಹೋಗಾಕ ಆಗದವರು, ಹೋಗಾಕ ಹೆದರೋವ್ರು. ಇಂಥಾ ಕಡಿ ಕೆಲಸ ಮಾಡ್ತೀನಿ ಅಂತ ಬೀಗರ ಮುಂದ ಹೆಂಗ ಹೇಳೋದು? ಹಿಂಗಾಗಿ ಮಗಳಿಗೆ, ಅಳಿಯಗ, ಓಣಿಯವರಿಗೆ, ಎಲ್ಲಾರಿಗೂ ‘ಕಣ್ಣಿನ ದವಾಖಾನಿ’ ಅಂತ ಹೇಳಿಬಿಟ್ಟಿದ್ದೆ. ಅದರ ಫಲ ಏನಂದ್ರ, ಓಣ್ಯಾಗಿನ ಮುದುಕ್ಯಾರೆಲ್ಲಾ ಕಣ್ಣಾಗ ಹಾಕೋ ಹನಿ ತಾ ಅಂತ ಬೆನ್ನು ಹತ್ತಿದ್ರು.

ನಮ್ಮ ಡಾಕ್ಟರಿಗೆ ಒಂದೇ ಚಿಂತಿ. ಗಂಡಸರು ಒಂದು ಸಲ ಬರ್ತಾರ, ಎರಡು ಸಲ ಬರ್ತಾರ, ಚಲೋ ಆಗಾಕತ್ತಿತು ಅನ್ನೋದರಾಗ ಮಾಯ ಆಗ್ತಾರ. “ಗುಳಿಗಿ ಯಾಕ ಬಿಟ್ರು ಅಂತ ನನಗ ಹೇಳಾಂಗಿಲ್ಲ ಆಯಮ್ಮ, ನಿಮಗ ಹೇಳ್ತಾರ, ನೀವ ಕೇಳ್ರಿ” ಅಂದ್ರು. ಅವತ್ತಿನಿಂದ ಕಂಪೌಂಡರ್ ಫೋನ್ ಹಚ್ಚಿ ಕೊಡ್ತಿದ್ದ, ನಾನು ಕೇಳ್ತಿದ್ದೆ, ಆಂವ ಕಾರಣ ಬರಕೋತಿದ್ದ. ಕೆಲವರು ಫೋನಿನಾಗ ಹೇಳಾಕ ನಾಚಿ ದವಾಖಾನಿಗೇ ಬಂದು ಹೇಳ್ತಿದ್ರು. ಹೆಸರು ಯಾರ್ದೂ ಖರೇ ಇರ್ತಿರಲಿಲ್ಲ, ಫೋನ್ ನಂಬರ್ ಅಷ್ಟ ಖರೇ. ಹೆಂಗೂ ನನಗ ಎರಡೂ ಓದಾಕ ಬರ್ತಿರಲಿಲ್ಲ.

ಅದೇ ವರ್ಷ ನನ್ನ ಮಗಳು ಪಂಚಮಿ ಹಬ್ಬಕ್ಕ ಅಂತ ಇದೇ ಹೈದರಾಬಾದಿನ ಕುಷಾಯಿಗೂಡದಿಂದ, ಗಂಡನ ಮನಿಯಿಂದ, ತವರಿಗೆ ಬಂದಾಕಿ ವಾಪಸ್ ಹೋಗಲೇ ಇಲ್ಲ. ಲಗ್ನ ಆಗಿ ನಾಕು ವರ್ಷ ಆಗಿತ್ತು. ಯಾಕವ್ವ ಅಂದ್ರ ಪಾತ್ರಿ ತಿಕ್ಕಾಕ ಎದ್ದು ಹೋಗ್ತಿದ್ಲು. ವಾರ ಬಿಟ್ಟು ಟ್ರಂಕಿನಿಂದ ಒಂದು ಗುಳಿಗಿ ಪಟ್ಟಿ ತಗದು, “ಅವ್ವಾ, ಇದು ಯಾತರ ಗುಳಿಗಿ ಅಂತ ನಿಮ್ಮ ಕಣ್ಣಿನ ಡಾಕ್ಟರ್‌ನ ಕೇಳು” ಅಂದ್ಲು.

ನಾನು ಕೇಳೋದು ಬೇಕಿರಲಿಲ್ಲ. ದಿನಾ ನೋಡೋ ಪಟ್ಟಿ ಅದು.

“ಹದಿನೈದು ದಿನ ನುಂಗಿದ, ಮನಿಯಾಗ ಎಲ್ಲಾ ಚಲೋ ಇತ್ತು” ಅಂದ್ಲು. “ಒಂದು ದಿನ ಹೊರಗಿಂದ ಬಂದಾಂವ ಇದನ್ನ ಕಪಾಟಿನ ಮ್ಯಾಲ ಒಗದ. ಅವತ್ತಿನಿಂದ ಗುಳಿಗಿನೂ ಇಲ್ಲ, ಮಾತೂ ಇಲ್ಲ. ಮಾಳಗಿ ಮ್ಯಾಲ ಹೋಗಿ ಮಕ್ಕೋತಾನ. ದೀಪಾವಳಿ ಆದ ಮ್ಯಾಲ ಹಿರ್ಯಾರನ್ನ ಕೂಡಸು, ಸಂಬಂಧ ಬಿಡಿಸ್ಕೊಂಡುಬಿಡ್ತೀನಿ.”

ಅಳಿಯನ್ನ ನಾನೇ ಕೇಳಬಹುದಿತ್ತು ಅಂತೀರಿ. ನಮ್ಮ ಕಡಿ ಅತ್ತಿ ಅಳಿಯನ ಎದುರಿಗೆ ಮಾತಾಡಾಂಗಿಲ್ಲ. ಆಂವ ಬಂದ್ರ ಸೆರಗು ಹೊಚಿಗೊಂಡು ಅಡಿಗಿಮನಿ ಬಾಗಲ ಹಿಂದ ನಿಂದ್ರಾಕಿ ನಾನು. “ಊಟಕ್ಕ ಏಳು ಅಂತ ಹೇಳವ್ವ” ಅಂತ ಮಗಳಿಗೆ ಹೇಳ್ತೀನಿ, ಆಕಿ ಅವಗ ಹೇಳ್ತಾಳ, ಆಂವ ನನ್ನಿಂದ ಎರಡು ಮಾರು ದೂರ ಕುಂತಿರ್ತಾನ. ನಾಕು ವರ್ಷದಾಗ ನಾವಿಬ್ಬರೂ ಒಬ್ಬರಿಗೊಬ್ಬರು ಒಂದು ಮಾತು ಆಡಿದ್ದಿಲ್ಲ. ಊರಿನ ಗಂಡಸರನ್ನೆಲ್ಲಾ ನಾಚಿಕಿ ಇಲ್ದ ಕೇಳೋ ಬಾಯಿ, ನಮ್ಮ ಮನಿ ಗಂಡಸಿನ ಮುಂದ ಹೊಲದು ಹೋಗಿತ್ತು.

ಅದಕ್ಕ ಒಂದು ಉಪಾಯ ಮಾಡಿದೆ. ದವಾಖಾನ್ಯಾಗ ಒಬ್ಬೊಬ್ಬರೂ ಹೇಳೋ ಕಾರಣ ನೆನಪಿಟ್ಟುಕೊಂಡು ಮನಿಗೆ ಬಂದು ಮಗಳಿಗೆ ಹಚ್ಚಿ ನೋಡೋದು. ಯಾವುದರ ಒಂದು ನಮ್ಮ ಅಳಿಯಗ ಸರಿ ಹೊಂದ್ಯೇ ಹೊಂದ್ತೈತಿ ಅಂತ.

ಮ್ಯಾಚ್ ಸೋತ ದಿನ

ಮೊದಲು ಸಿಕ್ಕಾಂವ ಯಾದಗಿರಿ ಕಡಿ ಗೌಂಡಿ. ದೊಡ್ಡ ದೊಡ್ಡ ಬಿಲ್ಡಿಂಗ್ ಕಟ್ಟೋ ಆಳು, ನನ್ನ ಮುಂದ ಕುಂತು ಚಪ್ಪಲಿ ನೋಡ್ಕೋತ ಮಾತಾಡಿದ.

“ಗುಳಿಗಿ ಯಾಕ ಬಿಟ್ಟಿ ತಮ್ಮಾ?”

“ಕೆಲಸ ಮಾಡಲಿಲ್ಲರಿ ಆಯಮ್ಮ.”

“ಎಷ್ಟು ನುಂಗಿದಿ?”

“ಒಂದು.”

ಆ ದಿನ ಏನು ಮಾಡಿದಿ, ಮೊದಲಿಂದ ಹೇಳು ಅಂದೆ. ಮೈಯಾಗ ಕಸುವು ಬರಲಿ ಅಂತ ಹೋಟೆಲಿನಾಗ ಎರಡು ಪ್ಲೇಟ್ ಮಟನ್ ಬಿರಿಯಾನಿ ತಿಂದಾನ. ಮನಿಗೆ ಬಂದು ಗುಳಿಗಿ ನುಂಗ್ಯಾನ. ನುಂಗಿ ಗೋಡಿಗೆ ಆತುಕೊಂಡು ಕಾಲು ಚಾಚಿ ಟಿವಿ ನೋಡಾಕ ಕುಂತಾನ. ಒಂದು ತಾಸು ಕಾದಾನ, ಎರಡು ತಾಸು ಕಾದಾನ. ಹೊಟ್ಟಿ ತುಂಬ ಎಣ್ಣಿ ಜಿಡ್ಡು ಇದ್ರ ಆ ಗುಳಿಗಿ ಹತ್ತೋದು ತಡ ಆಗ್ತೈತಿ ಅಂತ ಡಾಕ್ಟರ್ ಹೇಳೇ ಕಳಿಸಿದ್ರು. ಅದು ಅವನ ಕಿವಿ ಮುಟ್ಟಿರಲಿಲ್ಲ.

“ಹೆಂಡ್ತಿ ಜೋಡಿ ಏನರ ಮಾತಾಡಿದ್ಯೇನಪ್ಪ? ಕೈಯರ ಹಿಡದ್ಯೇನು?” ಅಂದೆ.

“ಅದ್ಯಾಕ್ರಿ? ಜ್ವರದ ಗುಳಿಗಿ ನುಂಗಿದ್ರ ಯಾರ ಜೋಡಿ ಮಾತಾಡಬೇಕು? ತಾನಾಗೇ ಇಳೀತೈತಲ್ಲ.”

ಮನಸು ಬರಲಿಲ್ಲಂದ್ರ ಆ ಗುಳಿಗಿ ಕೆಲಸ ಮಾಡಾಂಗಿಲ್ಲ, ಒಂದಕ್ಕ ಬಿಡಬಾರದು, ನಾಕಾರು ಸಲ ನೋಡಬೇಕು ಅಂತ ತಿಳಿಸಿ ಹೇಳಿದೆ. “ಹೋಗಲಿ, ಅಷ್ಟೊತ್ತು ನಿನ್ನ ಹೆಂಡ್ತಿ ಏನು ಮಾಡಾಕತ್ತಿದ್ಲು?” ಅಂತ ಕೇಳಿದೆ.

“ಆಕೀನೂ ಮ್ಯಾಚ್ ನೋಡಾಕತ್ತಿದ್ಲರಿ. ಅವತ್ತು ಎರಡೂ ಕಡಿ ಸೋತ್ವಿ.”

ಮನಿಗೆ ಬಂದು ಮಗಳನ್ನ ಕೇಳಿದೆ, “ನಿನ್ನ ಗಂಡ ಗುಳಿಗಿ ನುಂಗಿ ಟಿವಿ ಮುಂದ ಕುಂದ್ರತಿದ್ನೇನು?”

“ನಮ್ಮ ಟಿವಿ ಕೆಟ್ಟು ವರ್ಷ ಆತವ್ವ” ಅಂದ್ಲು.

ಸೋಮವಾರದ ಭಜನಿ

ಎರಡನೇದಾಂವ ಬೀದರ ಕಡಿ ಮನಷ್ಯಾ. ಅರಿವಿ ಅಂಗಡ್ಯಾಗ ಲೆಕ್ಕ ಬರಿಯಾಂವ, ಭಾಳ ಮರ್ಯಾದಸ್ತ. ಮನಿಯಾಗ ಒಂದು ಖೋಲಿ, ಒಂದು ಅಡಿಗಿಮನಿ. ಹೆಂಡ್ತಿ, ತಾನು, ತಾಯಿ. ತಾಯಿ ಹೊರಗ ಹೋಗೋದು ವಾರಕ್ಕ ಒಂದೇ ಸಲ, ಸೋಮವಾರ ಸಂಜೀಕ ಗುಡಿಗೆ, ಭಜನಿಗೆ.

ಗುಳಿಗಿ ಒಂದು ತಾಸು ಮೊದಲ ನುಂಗಬೇಕಲ್ಲ. ತಾಯಿ ಬಾಗಲದಾಗ ಚಪ್ಪಲಿ ಮೆಟ್ಟಿಕೊಂಡ ಸಪ್ಪಳ ಆದಕೂಡ್ಲೆ ಈತ ಅಡಿಗಿಮನಿಯಾಗ ನೀರು ಕುಡಿಯೋ ನೆವದಾಗ ನುಂಗ್ತಿದ್ನಂತ. ಎರಡು ಸೋಮವಾರ ಚಲೋ ಆತು. ಮೂರನೇ ಸೋಮವಾರ ತಾಯಿ ಅರ್ಧ ತಾಸಿನಾಗ ತಿರುಗಿ ಬಂದ್ಲು. ಒಬ್ಬಾಕೇ ಬರಲಿಲ್ಲ, ಹನ್ನೆರಡು ಮಂದೀನ ಕಟ್ಟಿಕೊಂಡು ಬಂದ್ಲು. ಗುಡ್ಯಾಗ ಬಣ್ಣ ಹಚ್ಚಾಕತ್ತಾರಂತ, ಕುಂದ್ರಾಕ ಜಾಗ ಇಲ್ಲಂತ, ಇವತ್ತು ನಮ್ಮನ್ಯಾಗ ಭಜನಿ ಅಂತ.

“ನಾನೇನು ಮಾಡ್ಲರಿ ಆಯಮ್ಮ” ಅಂದ. “ಮಂದಿ ಬಂದಾರಂತ ಗುಳಿಗಿ ವಾಪಸ್ ಹೋಗ್ತೈತೇನು? ನನ್ನ ಕೈಯಾಗ ತಾಳ ಕೊಟ್ರು. ಕುಂತೆ. ತೊಡಿ ಮ್ಯಾಲ ಟವೆಲ್ ಹಾಕ್ಕೊಂಡು ಎರಡು ತಾಸು ತಾಳ ಹೊಡದೆ.”

ಆ ಗುಳಿಗಿಗೆ ಕೆಲವರ ಮಾರಿ ಕೆಂಪಗ ಆಗ್ತೈತಿ. ಇವಂದು ಹಣ್ಣು ಟೊಮೆಟೊ ಆದಂಗ ಆತಂತ. ಭಜನಿ ಮುದುಕ್ಯಾರು ನೋಡಿ, “ಏನ್ ಭಕ್ತಿನವ್ವ ನಿನ್ನ ಮಗಂದು, ಮಾರಿ ಮ್ಯಾಲ ಎಂಥಾ ಕಳಾ ಬಂದೈತಿ ನೋಡು, ಕುಂತ ಜಾಗ ಬಿಟ್ಟು ಏಳವಲ್ಲ” ಅಂತ ಹೇಳಿ, ಮಗನ ದೃಷ್ಟಿ ತಗಿ ಅಂತ ತಾಯಿಗೆ ಅಂದ್ರಂತ.

“ಆತು ಬಿಡಪ್ಪ, ಒಂದು ಸೋಮವಾರ ಹೋತು. ಮುಂದಿನ ಸೋಮವಾರ ನುಂಗು” ಅಂದೆ.

“ಯಾವ ಮುಂದಿನ ಸೋಮವಾರ್ರಿ? ಇಂಥಾ ಭಕ್ತ ಇರೋ ಮನಿ ಬಿಟ್ಟು ಗುಡಿಗ್ಯಾಕ ಹೋಗೋದು ಅಂತ ಈಗ ಪ್ರತಿ ವಾರ ನಮ್ಮನ್ಯಾಗ ಭಜನಿ.”

ನಕ್ಕು ನಕ್ಕು ನನ್ನ ಕಣ್ಣಾಗ ನೀರು ಬಂತು. ಆದ್ರ ಆಂವ ನಗಲಿಲ್ಲ. “ಹೆಂಡ್ತಿ ಈಗ ಸೋಮವಾರ ಬಂತಂದ್ರ ತಾನೇ ಚಾಪಿ ಹಾಸಿ, ಮಂದಿಗೆ ಚಾ ಕಾಸಾಕ ಕುಂದ್ರತಾಳ್ರಿ, ನನ್ನ ಕಡಿ ನೋಡಾಂಗಿಲ್ಲ” ಅಂತ ಹೇಳಿ ಎದ್ದು ಹೋದ. ಒಂದು ಖೋಲಿ ಹೆಚ್ಚಿಗಿ ಇದ್ದಿದ್ರ ಆ ಇಬ್ಬರ ಬಾಳೇ ಬ್ಯಾರೆ ಆಗ್ತಿತ್ತು.

ನಮ್ಮ ಅಳಿಯನ ತಾಯಿ ಊರಾಗಿರ್ತಾಳ. ಹಿಂಗಾಗಿ ಈ ಕಾರಣಾನೂ ಹೊಂದಲಿಲ್ಲ.

ಹೃದಯ ಉಳಿಸಿಕೊಂಡಾಂವ

ಮೂರನೇದಾಂವ ಆಟೋ ಹೊಡಿಯಾಂವ. ಈ ಗುಳಿಗಿ ನುಂಗಿದ್ರ ಹೃದಯ ನಿಲ್ತೈತಿ ಅಂತ ಅವಗ ಹೇಳಿದಾಂವ ಡಾಕ್ಟರ್ ಅಲ್ಲ, ಆಟೋ ಸ್ಟ್ಯಾಂಡಿನಾಗ ಚಾ ಮಾರೋವಾಂವ. ಅದನ್ನ ನಂಬಿ ನಮ್ಮ ಗುಳಿಗಿ ಬಿಟ್ಟು, ರಸ್ತೆ ಬಾಜೂಕ ಡೇರೆ ಹಾಕ್ಕೊಂಡು ಬೇರು ನಾರು ಮಾರೋವನ ಹತ್ರ ಒಂದು ಡಬ್ಬಿ ಲೇಹ್ಯ ತಗೊಂಡಾನ. ಅದರಾಗ ಏನೇನು ಕುಟ್ಟಿ ಹಾಕಿದ್ರೋ. ಮೂರು ದಿನ ಆಟೋ ಹತ್ತಲಿಲ್ಲಂತ, ಪಾಯಖಾನೆ ಬಿಟ್ಟು ಹೊರಗ ಬರಲಿಲ್ಲಂತ.

“ಈಗ ಹೃದಯ ಹೆಂಗೈತಪ್ಪ?” ಅಂತ ಫೋನಿನಾಗ ಕೇಳಿದೆ.

“ಹೃದಯ ಭಾಳ ಚಲೋ ಐತ್ರಿ ಆಯಮ್ಮ. ಹೊಟ್ಟೀದು ಮಾತ್ರ ಕೇಳಬ್ಯಾಡ್ರಿ.”

ಡಾಕ್ಟರಿಗೆ ಹೇಳಿದ್ರ ಅವರು ನಗಲಿಲ್ಲ. ಈ ತ್ರಾಸು ಕೆಲವರಿಗೆ ಹೃದಯ ಸೊರಗೋ ಮೊದಲಿನ ಗುರ್ತು ಇರ್ತೈತಂತ, ಒಂದು ಸಲ ತಪಾಸ್ ಮಾಡಿಸ್ಕೋ ಅಂತ ಹೇಳ್ರಿ ಅಂದ್ರು. ಮತ್ತ ಫೋನ್ ಹಚ್ಚಿದ್ವಿ, ಎತ್ತಲಿಲ್ಲ. ಇನ್ನೊಂದು ವಾರಕ್ಕ ನಂಬರೇ ಬಂದ್ ಆಗಿತ್ತು. ಈಗಲೂ ತಾರ್ನಾಕದಾಗ ಆಟೋ ಹತ್ತಿದ್ರ ಮೊದಲು ಹೊಡಿಯಾಂವನ ದನಿ ಕೇಳ್ತೀನಿ, ಅವನದೇನೋ ಅಂತ.

ಚಾಳೀಸು

ಇಷ್ಟರಾಗ ಒಬ್ಬಾಕಿ ಹಿರೀ ಹೆಂಗಸು ಸಿಟ್ಟು ಮಾಡ್ಕೊಂಡು ದವಾಖಾನಿಗೇ ಬಂದ್ಲು. ಗಂಡ ರಿಟೈರಾದಾಂವ, ನಮ್ಮ ಡಾಕ್ಟರ್ ಹತ್ರ ತೋರಿಸ್ಕೋತಿದ್ದ. ಅವನ ಅಂಗಿ ಒಗಿಯಾಕ ಹಾಕೋವಾಗ ಕಿಸೆದಾಗ ಗುಳಿಗಿ ಸಿಕ್ಕೈತಿ. ಇದು ಯಾತರದು ಅಂತ ಮೆಡಿಕಲ್ ಅಂಗಡ್ಯಾಂವನ ಕೇಳ್ಯಾಳ. ಆಂವ ಗಿರಾಕಿಗಳ ಮುಂದ ದೊಡ್ಡ ದನಿ ತಗದು ಹೇಳ್ಯಾನ. ಗುಳಿಗಿ ಪಟ್ಟಿ ಹರದು ಮೋರಿಗೆ ಒಗದು, ಸೀದಾ ನಮ್ಮಲ್ಲಿಗೆ ಬಂದಾಳ.

“ಇಷ್ಟು ವರ್ಷ ಸಂಸಾರ ಮಾಡೀನಿ, ಈಗ ನನ್ನ ಕಡಿ ನೋಡಾಕ ಅವ್ರಿಗೆ ಗುಳಿಗಿ ಬೇಕಾತೇನು? ನಾ ಅಷ್ಟು ಹೊಲಸು ಕಾಣ್ತೀನಿ?”

ಕುಂದ್ರಿಸಿ ನೀರು ಕೊಟ್ಟೆ. “ಅಕ್ಕಾರ, ನೀವು ಚಾಳೀಸು ಹಾಕ್ಕೊಂಡೀರಲ್ಲ, ಯಾಕ?” ಅಂದೆ.

“ಕಣ್ಣು ಮಂಜಾಗ್ಯಾವ, ಅದಕ್ಕ.”

“ಚಾಳೀಸಿಲ್ದ ಯಜಮಾನ್ರ ಮಾರಿ ಕಾಣವಲ್ದು ಅಂದ್ರ, ಅದು ಅವರ ಮಾರಿ ತಪ್ಪೋ, ನಿಮ್ಮ ಕಣ್ಣಿನ ತಪ್ಪೋ?”

ಆಕಿ ಚಾಳೀಸು ತಗದು ಸೆರಗಿಲೆ ಒರಸಿಕೋತ ಅಂದ್ಲು, “ಖರೇ ಹೇಳ್ಲೇನವ್ವ, ಇದನ್ನ ಹಾಕ್ಕೊಂಡ ಮ್ಯಾಲೇ ಗೊತ್ತಾತು, ನನ್ನ ಅಪ್ಪ ಎಂಥಾವಂಗ ಕೊಟ್ಟಾನ ಅಂತ.”

ಇಬ್ಬರೂ ನಕ್ವಿ. ಆಕಿ ಹೋದ ಮ್ಯಾಲ ನಾ ನಗಲಿಲ್ಲ. ಯಜಮಾನ್ರು ಸಕ್ಕರಿ ಬ್ಯಾನಿ ಬಂದ ಮ್ಯಾಲ ಗೋಡಿ ಕಡಿ ಮಾರಿ ಮಾಡಿ ಮಕ್ಕೊಂಡ್ರು. ನನ್ನ ಮ್ಯಾಲ ಬ್ಯಾಸರ ಬಂದೈತಿ ಅಂತ ನಾನೂ ಈಚಿ ಗೋಡಿ ಕಡಿ ಹೊರಳಿದೆ. ಆರು ವರ್ಷ ಹಂಗ ಕಳದ್ವಿ. ಅದು ಬ್ಯಾಸರ ಅಲ್ಲ, ಬ್ಯಾನಿ, ಅದಕ್ಕ ಔಷಧ ಐತಿ ಅಂತ ನಾ ತಿಳಕೊಂಡಿದ್ದು ಈ ಬಾಗಲದಾಗ ಕುಂತ ಮ್ಯಾಲ. ಅಷ್ಟೊತ್ತಿಗೆ ಹೇಳಾಕ ಅವರೆಲ್ಲಿದ್ರು?

ಮಗಳಿಗೆ ಅವತ್ತು, “ನೀ ಏನರ ಅಂದಿದ್ಯೇನವ್ವ ಅವಗ? ನಕ್ಕಿದ್ಯೇನು?” ಅಂತ ಕೇಳಿದೆ. “ನಾ ಯಾಕ ನಗಲಿ? ಆಂವ ನುಂಗೋದು ನೋಡಿ ನನಗ ಖುಷಿ ಆಗಿತ್ತು” ಅಂದು ಆ ಕಡಿ ಹೊರಳಿ ಮಕ್ಕೊಂಡ್ಲು. ಆಕೀದೂ ಗೋಡಿ ಕಡಿ ಮಾರಿ.

ಸೆರಗು

ದೀಪಾವಳಿ ಎಂಟು ದಿನ ಇತ್ತು. ಹಿರ್ಯಾರಿಗೆ ಹೇಳಿ ಕಳಿಸಿದ್ದೂ ಆಗಿತ್ತು. ಅವತ್ತು ಕಂಪೌಂಡರ್ ಫೋನ್ ನಂಬರಿನ ಪಟ್ಟಿ ಹಿಡಕೊಂಡು ಕುಂತ. ಒಂದು ನಂಬರ್ ಹಚ್ಚಿ, “ಆಯಮ್ಮ, ಈತ ಭಾಳ ದಿನದಿಂದ ಬಂದಿಲ್ಲ, ಕೇಳು” ಅಂತ ಫೋನ್ ನನ್ನ ಕೈಯಾಗ ಕೊಟ್ಟ.

ಆ ಕಡಿಂದ ಗಂಡಸಿನ ದನಿ, “ಹಲೋ” ಅಂತು.

ನನ್ನ ಮನಸು ಅವತ್ತು ಸರಿ ಇರಲಿಲ್ಲ. ಒಂದೊಂದೇ ಕೇಳಿಕೋತ ಕುಂದ್ರಾಕ ತಾಳ್ಮಿ ಇಲ್ಲ. ನಮ್ಮ ಹೈದರಾಬಾದಿ ಹಿಂದ್ಯಾಗ ಎಲ್ಲಾ ಒಮ್ಮೆಲೇ ಸುರುವಿದೆ.

“ದವಾಖಾನಿಂದ ಮಾತಾಡಾಕತ್ತೀನಿ. ಗುಳಿಗಿ ಯಾಕ ಬಿಟ್ಟಿ? ಬಿರಿಯಾನಿ ತಿಂದು ನುಂಗಿದ್ಯೇನು? ನುಂಗಿ ಟಿವಿ ನೋಡಿದ್ಯೇನು? ಮನಿಯಾಗ ಭಜನಿ ಐತೇನು? ಹೃದಯ ನಿಲ್ತೈತಿ ಅಂತ ಚಾ ಅಂಗಡ್ಯಾಂವ ಹೇಳಿದ್ನೇನು? ತಲಿ ನೋವು ಬಂತೇನು, ಬಂದ್ರ ಡಾಕ್ಟರಿಗೆ ಹೇಳು, ಕಮ್ಮಿ ಮಾಡಿ ಕೊಡ್ತಾರ. ಹೆಂಡ್ತಿ ಏನರ ಅಂದ್ಲೇನು? ಆಕಿ ಪಾಪದಾಕಿ ಇರ್ತಾಳ, ಆಕಿ ಕೈ ಹಿಡದು ಮಾತಾಡು. ಮಾತಾಡದ ಮಾಳಗಿ ಹತ್ತಿ ಮಕ್ಕೊಂಡ್ರ ಯಾವ ಗುಳಿಗಿ ಏನು ಮಾಡ್ತೈತಿ? ನೀನು ಗಂಡಸಲ್ಲೇನು?”

ಆ ಕಡಿಂದ ಸಣ್ಣ ದನ್ಯಾಗ, ಕನ್ನಡದಾಗ ಬಂತು.

“ಅತ್ತೀ, ನಾನ್ರೀ.”

ನಾ ಮೊದಲು ಮಾಡಿದ ಕೆಲಸ ಏನಂದ್ರ, ಸ್ಟೂಲ್ ಬಿಟ್ಟೆದ್ದು ಸೆರಗು ತಲಿ ಮ್ಯಾಲ ಎಳಕೊಂಡು ಗೋಡಿ ಕಡಿ ತಿರುಗಿ ನಿಂತೆ. ಯಾರೋ ದೊಡ್ಡ ಸಾಹೇಬ್ರು ಫೋನಿನಾಗ ಅದಾರಂತ ತಿಳದು ಕಂಪೌಂಡರೂ ಎದ್ದು ನಿಂತ.

“ಇಡಬ್ಯಾಡ್ರಿ” ಅಂದ ಅಳಿಯ. “ಮಾರಿ ಕಾಣಂಗಿಲ್ಲಲ್ಲ, ಹೇಳಿಬಿಡ್ತೀನಿ. ಮೊದಲ ಸಲ ಬಂದಾಗ ಬಾಗಲದಾಗ ಬ್ಯಾರೆ ಯಾರೋ ಇದ್ರು.”

ನನಗ ನೆನಪಾತು. ನಮ್ಮ ತಂಗಿ ಮೊಮ್ಮಗನ ತೊಟ್ಟಲಕ್ಕ ಅಂತ ನಾಕು ದಿನ ಊರಿಗೆ ಹೋಗಿದ್ದೆ.

“ಎರಡನೇ ಸಲ ಬಂದೆ. ಪಾವಟಿಗಿ ಹತ್ತಾಕತ್ತಿದ್ದೆ. ಮ್ಯಾಲ ನೀವು ನಿಂತು ‘ಎಂಟು ನಂಬರ್ ಯಾರು, ಲಗೂನ ಬಾ’ ಅಂತ ಒದರಾಕತ್ತಿದ್ರಿ. ಎಂಟು ನಂಬರ್ ನನ್ನ ಕೈಯಾಗ ಇತ್ತು. ನೀವು ಕಣ್ಣಿನ ದವಾಖಾನಿ ಅಂದಿದ್ರಿ.”

“ಅಂದಿದ್ದೆ” ಅಂದೆ. ಅಳಿಯ ಅಂತ ತಿಳದು ನಾ ಅವಗ ಆಡಿದ ಮೊದಲ ಮಾತು ಅದು.

“ಆ ಮ್ಯಾಲ ಮನಿಯಾಗ ಗುಳಿಗಿ ಕೈಯಾಗ ಹಿಡದ್ರ ಸಾಕು, ‘ಎಂಟು ನಂಬರ್, ಲಗೂನ ಬಾ’ ಅಂತ ನಿಮ್ಮ ದನಿ ಕೇಳ್ತಿತ್ತರಿ. ನಿಮ್ಮ ದನಿ ಕಿವ್ಯಾಗ ಇಟ್ಟುಕೊಂಡು ನಿಮ್ಮ ಮಗಳ ಹತ್ರ ಹೆಂಗ ಹೋಗ್ಲಿ? ಆಕಿಗೆ ಹೇಳಿದ್ರ ನಿಮಗ ಹೇಳ್ತಾಳಂತ ಮಾಳಗಿ ಹತ್ತಿದೆ.”

ನಗಬೇಕೋ ಅಳಬೇಕೋ ತಿಳೀಲಿಲ್ಲ. “ನಾಳಿ ಬರ್ರಿ. ನಾ ಬಾಗಲದಾಗ ಇರಾಂಗಿಲ್ಲ” ಅಂದೆ.

ಆಂವ ಬಂದ. ಮಗಳಿಗೆ ನನ್ನ ಕಣ್ಣಿನ ದವಾಖಾನಿ ಸುಳ್ಳಿನಿಂದ ಹಿಡದು ಎಲ್ಲಾ ಹೇಳಿದೆ. ಆಕಿ ಸಿಟ್ಟಾಗಲಿಲ್ಲ. “ನಾ ಕರ್ರಗ ಅದೀನಂತ, ಬ್ಯಾರೆ ಯಾರನ್ನೋ ಮಾಡ್ಕೊಂಡಾನಂತ ತಿಳಕೊಂಡಿದ್ದೆನಲ್ಲವ್ವ. ದಿನಾ ಕನ್ನಡಿ ಮುಂದ ಕುಂತು ಅತ್ತೀನಿ” ಅಂದ್ಲು. ಹಿರ್ಯಾರು ಕೂಡಲಿಲ್ಲ. ದೀಪಾವಳಿಗೆ ಆಕಿ ಕುಷಾಯಿಗೂಡಕ್ಕ ಹೋದ್ಲು. ಚಲೋ ಅದಾರ. ಆದ್ರ ಆಕಿ ಆ ಕನ್ನಡಿ ಮುಂದ ಕಳದ ದಿನಗಳನ್ನ ನಾ ಎಲ್ಲಿಂದ ತಂದು ಕೊಡ್ಲಿ? ಒಂದು ಸುಳ್ಳು, ಒಂದು ಸೆರಗು, ಅಷ್ಟರಾಗ ಹೋದ್ವು. ಇದನ್ನ ಬರಸ್ಲೇನವ್ವ ಅಂತ ಆಕಿನ ಕೇಳಿದ್ದಕ್ಕ, “ಬರಸು, ಇನ್ಯಾರಿಗರ ಲಗೂನ ತಿಳೀಲಿ” ಅಂದ್ಲು.

ಅದೆಲ್ಲಾ ಆಮ್ಯಾಲಿನ ಮಾತು. ಅವತ್ತು ನಾ ಫೋನ್ ಇಟ್ಟು ಸೆರಗು ಇಳಿಸಿ ಕುಂತಾಗ, ಪೆನ್ನು ಹಿಡಕೊಂಡು ಕಾಯಾಕತ್ತಿದ್ದ ಕಂಪೌಂಡರ್ ಕೇಳಿದ, “ಏನಂತ ಆಯಮ್ಮ ಕಾರಣ? ಬರೀಲಿ?”

“ಒಬ್ಬಾಕಿ ಮುದುಕಿ ಬಾಗಲದಾಗ ಅಡ್ಡ ನಿಂತಿದ್ಲಂತ ಬರಿ” ಅಂದೆ.

ಆಂವ ಬರಕೋತ ತಲಿ ಅಲ್ಲಾಡಿಸಿದ. “ಮನಿಯಾಗ ಅತ್ತಿ ಕಾಟ ಇರಬೇಕು, ಪಾಪ.”

“ಹೂನಪ್ಪ” ಅಂದೆ. “ನಾಳಿ ಒಂದಿನ ಆಕಿಗೆ ರಜಾ ಕೊಡು.”